ಕಾರಿನವರೇ, ಹಾಲಿನ ಸ್ಕೂಟರ್ ಬರುತ್ತಿದೆ, ಇನ್ನೊಮ್ಮೆ ನೋಡಿ

ಹಾಲು ಉತ್ಪಾದಕ ಸಹೋದರಿಯರೇ,

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ, ಕರು ಹಾಕಲು ಕಷ್ಟಪಡುತ್ತಿದ್ದ ಹಸುವನ್ನು ನೋಡಲು ಕಾರಿನಲ್ಲಿ ಹೊರಟಿದ್ದೆ. ಊರಿನ ದಾರಿಗೆ ಬಲಕ್ಕೆ ತಿರುಗುವಾಗ ಎದುರು ಯಾರೂ ಇಲ್ಲ ಅನ್ನಿಸಿತು. ತಿರುಗಿಸಿದೆ, ಮುಂದೆಯೇ ಸ್ಕೂಟರ್! ಕಾಲ ಬಳಿ ಕ್ಯಾನು ಇಟ್ಟುಕೊಂಡು ಡೇರಿಗೆ ಹೊರಟಿದ್ದ ಹೆಣ್ಣುಮಗಳು. ಇಬ್ಬರೂ ಬ್ರೇಕ್ ಹಾಕಿದೆವು. ಹಾಲೆಲ್ಲ ಚೆಲ್ಲಿತು, ಅವರ ಮೊಣಕೈ ತರಚಿತು. ತಪ್ಪು ನನ್ನದೇ. "ಹಾಲು ಹೋಗ್ಲಿ ಡಾಕ್ಟ್ರೇ, ನಾನು ನಿಮಗೆ ಕಾಣ್ಲೇ ಇಲ್ವಾ?" ಅಂದರು.

ನಿಜಕ್ಕೂ ಕಂಡಿರಲಿಲ್ಲ. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬ ಒಂದು ಸ್ಕೂಟರನ್ನು ಪೂರ್ತಿ ಮರೆಮಾಡಬಲ್ಲದು. ಜೊತೆಗೆ ನಮ್ಮ ಕಣ್ಣು ಹುಡುಕುವುದು ಬಸ್ಸು, ಲಾರಿಯನ್ನು. ಸಣ್ಣ ಗಾಡಿ ಕಂಡರೂ ಇನ್ನೂ ದೂರವಿದೆ, ನಿಧಾನ ಬರುತ್ತಿದೆ ಅನ್ನಿಸುತ್ತದೆ.

ನಿಮ್ಮ ಮನೆಯಲ್ಲಿ ಕಾರು, ಗೂಡ್ಸ್ ಗಾಡಿ ಓಡಿಸುವವರಿಗೆ ಇದನ್ನು ಓದಿ ಹೇಳಿ:

• ತಿರುಗುವ ಮೊದಲು ಎರಡು ಸಲ ನೋಡಿ. ಎರಡನೇ ಸಲ ತಲೆ ಮುಂದೆ ಬಾಗಿಸಿ, ಕಂಬದ ಆಚೆಗೂ ನೋಡಿ.

• ಬೈಕಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಗುಂಡಿ, ನಾಯಿ, ರಸ್ತೆಯಲ್ಲಿ ಒಕ್ಕಣೆಗೆ ಹಾಸಿದ ಹುಲ್ಲು ಕಂಡರೆ ಅವರು ತಟ್ಟನೆ ಪಕ್ಕಕ್ಕೆ ಎಳೆಯುತ್ತಾರೆ. ಬೈಕು ಒಂದು ಕರೆಂಟ್ ಕಂಬ ದಾಟಿದ ಮೇಲೆ ನೀವು ಆ ಕಂಬ ತಲುಪಲು 3 ಸೆಕೆಂಡಾದರೂ ಆಗಬೇಕು. 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮಳೆಯಲ್ಲಿ ಇನ್ನೂ ಹಿಂದಿರಿ.

• ಹಿಂದೆ ಹಾಕುವಾಗ ಇನ್ನೊಂದು ಕಾರಿಗೆ ಬಿಡುವಷ್ಟೇ ಜಾಗ ಬಿಡಿ. ಹತ್ತಿರ ಹೋಗಿ ಹಾರ್ನ್ ಹೊಡೆಯಬೇಡಿ.

• ನಿಲ್ಲಿಸಿದ ಕಾರಿನ ಬಾಗಿಲನ್ನು ಡ್ರೈವರ್ ಎಡಗೈಯಿಂದ ತೆರೆಯಲಿ. ಆಗ ಮೈ ತಾನಾಗಿ ತಿರುಗಿ, ಹಿಂದೆ ಬರುವವರು ಕಾಣುತ್ತಾರೆ.

• ಎದುರು ಬೈಕು ಬಂದರೆ ಲೈಟ್ ಡಿಮ್ ಮಾಡಿ.

ಸ್ಕೂಟರಿನಲ್ಲಿ ಹೋಗುವ ನಿಮಗೂ ಕೆಲವು ಮಾತು. 20 ಲೀಟರ್ ಹಾಲೆಂದರೆ 20 ಕಿಲೋಗೂ ಹೆಚ್ಚು ಭಾರ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ಗಾಡಿ ವಾಲುತ್ತದೆ. ಕ್ಯಾನನ್ನು ಅಲುಗಾಡದಂತೆ ಕಟ್ಟಿ, ನಿಧಾನ ಹೋಗಿ. 2017ರ ಏಪ್ರಿಲ್ ನಂತರ ತಯಾರಾದ ಗಾಡಿಗಳಲ್ಲಿ ಹೆಡ್‌ಲೈಟ್ ತಾನೇ ಉರಿಯುತ್ತದೆ. ಹಳೆಯ ಗಾಡಿಯಾದರೆ ಹಗಲಲ್ಲೂ ನೀವೇ ಹಾಕಿಕೊಳ್ಳಿ. ಕಾರಿನ ಹಿಂಬದಿಯ ಪಕ್ಕದಲ್ಲೇ ಹೋಗಬೇಡಿ, ಕನ್ನಡಿಯಲ್ಲಿ ಕಾಣುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಡೇರಿ ಪಕ್ಕದ ಬೀದಿಯಲ್ಲೇ ಇದ್ದರೂ ಹೆಲ್ಮೆಟ್ ಇರಲಿ. ಹಿಂದೆ ಕೂರುವವರಿಗೂ ಅದು ಕಡ್ಡಾಯ.

ಅಂದು ನಾನು ಹಸುವಿನ ಬಳಿ ತಲುಪಿದ್ದು ಹತ್ತು ನಿಮಿಷ ತಡವಾಗಿ. ಹಸುವೂ ಉಳಿಯಿತು, ಕರುವೂ ಉಳಿಯಿತು. ಈಗ ತುರ್ತು ಕರೆ ಬಂದರೂ ಆ ತಿರುವಿನಲ್ಲಿ ಕಾರು ನಿಲ್ಲಿಸಿ, ಎರಡು ಸಲ ನೋಡಿಯೇ ತಿರುಗಿಸುತ್ತೇನೆ.

– ಪಶುವೈದ್ಯಾಧಿಕಾರಿ