ಬಾಣಂತನದ ತರುವಾಯ ಕೆಲಸಕ್ಕೆ ಮರಳುವ ಸ್ತ್ರೀಯ ಹಕ್ಕುಗಳು

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಚೇರಿಗಳ ಗುಮಾಸ್ತೆಯರಾಗಿಯೂ ದುಡಿಯುತ್ತಿರುವುದು ಬಹು ಸಂತೋಷದ ಸಂಗತಿ. ಆದರೆ ಇವರಲ್ಲಿ ಕೆಲವರು ಚೊಚ್ಚಲ ಹೆರಿಗೆಯ ಕಾಲದಲ್ಲಿ ಮೇಲಿನವರ ಮಾತಿಗೊಪ್ಪಿ, ರಾಜೀನಾಮೆಗೆ ರುಜು ಹಾಕಿ ಮನೆಗೆ ನಡೆಯುತ್ತಾರೆ. ಮಗುವು ದೊಡ್ಡದಾದ ಮೇಲೆ ನೋಡೋಣವೆಂಬ ಬಾಯಿಮಾತಿನ ಹೊರತು ಅವರಿಗೆ ಏನೂ ಉಳಿಯುವುದಿಲ್ಲ. ಅನೇಕ ವರುಷಗಳ ಸೇವೆಯು ಒಂದೇ ರುಜುವಿನಿಂದ ಕಳೆದುಹೋಗುತ್ತದೆ. ಆದುದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದು ಯುಕ್ತವೆಂದು ತೋರಿತು.

ಈ ಹಕ್ಕು ನಿನ್ನೆ ಮೊನ್ನೆಯದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಕಾರ್ಖಾನೆಯ ಹೆಂಗಸರಿಗಾಗಿ 1929ನೆಯ ಇಸವಿಯಲ್ಲಿಯೇ ಇಂಥ ಕಾಯಿದೆಯಾಯಿತು. ತರುವಾಯ ದೇಶಕ್ಕೆಲ್ಲಾ 1961ರ ಹೆರಿಗೆ ಸೌಲಭ್ಯ ಕಾಯಿದೆಯು ಬಂದಿತು. 2017ರಲ್ಲಿ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. 2025ನೆಯ ಇಸವಿ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಯಲ್ಲಿದೆ. ಮುಖ್ಯ ಹಕ್ಕುಗಳು ಅದರಲ್ಲಿಯೂ ಹಾಗೆಯೇ ಉಳಿದಿವೆ.

ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನಗಳಾದರೂ ಕೆಲಸ ಮಾಡಿದವಳಿಗೆ ಸಂಬಳಸಹಿತವಾದ ಈ ರಜೆಯು ಸಲ್ಲುತ್ತದೆ. 26 ವಾರಗಳಲ್ಲಿ 8 ವಾರಗಳನ್ನು ಮಾತ್ರ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿರುವ ತಾಯಿಗೆ 12 ವಾರಗಳು. ಹೆರಿಗೆಯಾದ 6 ವಾರಗಳೊಳಗೆ ಆಕೆಯಿಂದ ಕೆಲಸ ತೆಗೆದುಕೊಳ್ಳಕೂಡದು.

ಮರಳಿ ಬರುವವಳ ಮುಖ್ಯ ರಕ್ಷಣೆಯು ಇದು: ಆಕೆಯು ನಿಯಮಾನುಸಾರ ರಜೆಯಲ್ಲಿರುವಾಗ, ಇಲ್ಲವೆ ಆ ರಜೆಯ ಕಾರಣದಿಂದ, ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರೋಧ. ರಜೆಯೊಳಗೆ ಅವಧಿ ತೀರುವಂತೆ ನೋಟೀಸು ಕೊಡುವುದೂ ಸಲ್ಲದು. ಆಕೆಗೆ ನಷ್ಟವಾಗುವಂತೆ ಸೇವೆಯ ನಿಬಂಧನೆಗಳನ್ನು ಬದಲಾಯಿಸುವುದೂ ಸಲ್ಲದು. ಕೂತಿದ್ದ ಕುರ್ಚಿಯನ್ನೇ ಮರಳಿ ಕೊಡಬೇಕೆಂದು ಈ ಮಾತುಗಳಲ್ಲಿಲ್ಲ. ಆದರೆ ಆ ಹೆಸರಿನಿಂದ ಸಂಬಳವನ್ನು ತಗ್ಗಿಸುವುದಕ್ಕೂ ಪದವಿಯನ್ನು ಇಳಿಸುವುದಕ್ಕೂ ಅವಕಾಶವಿಲ್ಲ.

ಕೆಲಸಕ್ಕೆ ಬಂದ ಮೇಲೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ವಿಶ್ರಾಂತಿಯ ವೇಳೆಯ ಹೊರತಾಗಿ ದಿನಕ್ಕೆ ಎರಡು ಸಾರಿ ಹಾಲೂಡಿಸಲು ಬಿಡುವು ಉಂಟು. 50 ಮಂದಿ ನೌಕರರಿರುವ ಸಂಸ್ಥೆಯು ಶಿಶುವಿಹಾರವನ್ನು ಏರ್ಪಡಿಸತಕ್ಕದ್ದು. ವಿಶ್ರಾಂತಿಯ ವೇಳೆಯೂ ಸೇರಿ ದಿನಕ್ಕೆ ನಾಲ್ಕು ಸಾರಿ ತಾಯಿಯು ಅಲ್ಲಿಗೆ ಹೋಗಬಹುದು.

ತಾನು ಹಂಗಾಮಿಯೆಂದು ಯಾರೂ ಎದೆಗುಂದಬೇಕಾಗಿಲ್ಲ. ದಿನಗೂಲಿಯ ಹೆಂಗಸರಿಗೂ ಹೆರಿಗೆಯ ಸೌಲಭ್ಯವು ಸಲ್ಲುವುದೆಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪಿತ್ತಿತು. ಕರಾರಿನ ಅವಧಿಯು ನಡುವೆ ಮುಗಿದರೂ ಆ ಸೌಲಭ್ಯವು ನಿಲ್ಲತಕ್ಕದ್ದಲ್ಲವೆಂದು 2023ರಲ್ಲಿ ಹೇಳಿತು.

ಇನ್ನು ಮಾಡಬೇಕಾದುದು ಇಷ್ಟೇ. ರಜೆಯನ್ನು ಬರವಣಿಗೆಯಲ್ಲಿ ಕೇಳಿರಿ. ಯಾವ ದಿನದಿಂದ ಗೈರುಹಾಜರಾಗುವಿರೆಂದು ಅದರಲ್ಲಿ ಸ್ಪಷ್ಟವಾಗಿ ತಿಳಿಸಿರಿ. ಕಾಗದದ ಪ್ರತಿಯನ್ನು ಜೋಪಾನವಾಗಿಡಿರಿ. ಹೋಗಲು ಮನಸ್ಸಿಲ್ಲದಿದ್ದರೆ ರಾಜೀನಾಮೆಗೆ ರುಜು ಹಾಕಬೇಡಿರಿ. ಅನ್ಯಾಯವಾದರೆ ತಡಮಾಡದೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಿರಿ.

ಪೋಷಕರಿಗೂ ಅಳಿಯಂದಿರಿಗೂ ಒಂದು ಮಾತು. ಸಮುವೇಲನು ಮೊಲೆ ಬಿಡುವವರೆಗೂ ಹನ್ನಳು ಶಿಲೋವಿನ ಯಾತ್ರೆಗೆ ಹೋಗದೆ ಮನೆಯಲ್ಲಿ ನಿಂತಳು. ಗಂಡನಾದ ಎಲ್ಕಾನನು ಅದಕ್ಕೆ ಮನಃಪೂರ್ವಕವಾಗಿ ಒಪ್ಪಿದನು. ಕಾಲ ಬಂದಾಗ ಆಕೆಯು ತನ್ನ ಹರಕೆಯನ್ನೂ ತೀರಿಸಿದಳು. ತಾಯ್ತನಕ್ಕೂ ಕರ್ತವ್ಯಕ್ಕೂ ವೈರವಿಲ್ಲ; ಎರಡಕ್ಕೂ ತಕ್ಕ ಕಾಲವನ್ನು ಒದಗಿಸುವವರು ಬೇಕು. ಕಾನೂನು ತನ್ನ ಪಾಲಿನದನ್ನು ಹೇಳಿದೆ. ಮಗುವನ್ನು ಎತ್ತಿಕೊಳ್ಳುವ ಅಜ್ಜಿಯೂ, ಹೊತ್ತಿಗೆ ಮನೆ ಸೇರುವ ತಂದೆಯೂ ಇದ್ದರೆ, ನಮ್ಮ ಹೆಣ್ಣುಮಕ್ಕಳು ದೇವರ ಕೃಪೆಯಿಂದ ತಲೆಯೆತ್ತಿ ತಮ್ಮ ಕೆಲಸಕ್ಕೆ ಮರಳುವರು.