ದೊಡ್ಡಗುಣಿ: ಡೈನೊಸಾರ್‌ಗಿಂತ ಹತ್ತು ಪಟ್ಟು ಹಳೆಯ ಜೀವದ ಗುರುತು

ಪಳೆಯುಳಿಕೆ ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಡೈನೊಸಾರ್. ಕೆನಡಾದ ಡ್ರಮ್‌ಹೆಲರ್ ಕಣಿವೆಯಲ್ಲಿ 1884ರಲ್ಲಿ ಜೋಸೆಫ್ ಟಿರೆಲ್‌ಗೆ ಅಂಥದೊಂದು ತಲೆಬುರುಡೆ ಸಿಕ್ಕಿತು. ಅವರ ಹೆಸರಿನ ಮ್ಯೂಸಿಯಂ 1985ರಿಂದ ಅಲ್ಲಿದೆ. ಆ ಮೂಳೆಗಳ ವಯಸ್ಸು ಏಳು ಕೋಟಿ ವರ್ಷದ ಆಸುಪಾಸು. ನಮ್ಮ ತಿಪಟೂರಿನ ತೆಂಗಿನ ಸೀಮೆಯ ಅಂಚಿನಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣದಕಲ್ಲಿನಲ್ಲಿರುವ ಜೀವದ ಗುರುತಿಗೆ 260 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಡೈನೊಸಾರ್ ಕುಲ ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ.

ಇಲ್ಲಿ ಮೂಳೆ, ಚಿಪ್ಪು ಹುಡುಕಬಾರದು. ಅವು ಇನ್ನೂ ಹುಟ್ಟಿರಲಿಲ್ಲ. ನೋಡಬೇಕಾದ್ದು ಕಲ್ಲಿನ ಪದರಗಳನ್ನು. ಕೊಬ್ಬರಿ ಬಟ್ಟಲುಗಳನ್ನು ಒಂದರ ಮೇಲೊಂದು ಕವುಚಿಟ್ಟ ಹಾಗೆ ಬಾಗಿದ ಈ ಗೆರೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಆಳವಿಲ್ಲದ ಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಹಾಸು ಹಾಸಿದವು. ಅದಕ್ಕೆ ಸಣ್ಣ ಕೆಸರು ಅಂಟಿತು, ಸುಣ್ಣ ಕಟ್ಟಿತು. ಬೆಳಕಿಗಾಗಿ ಜೀವಿಗಳು ಮೇಲಕ್ಕೆ ಸರಿದು ಮತ್ತೊಂದು ಹಾಸು ಹೆಣೆದವು. ಇಂಥ ರಚನೆ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂದಿಗೂ ಬೆಳೆಯುತ್ತಿದೆ. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇಂಥ ಹಾಸು ಹೆಣೆಯುವ ನೀಲಿ-ಹಸಿರು ಪಾಚಿಯಂಥ ಜೀವಿಗಳೇ. ದೊಡ್ಡಗುಣಿಯ ಈ ಪಳೆಯುಳಿಕೆಗಳ ವಿವರ 1986ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ದೊಡ್ಡಗುಣಿಯ ಸುಣ್ಣದಕಲ್ಲು ಇರುವ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿಯತ್ತ ಚಾಚಿದೆ. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಈ ಭಾಗದ ಸುಣ್ಣದಕಲ್ಲಿನ ಬಲದ ಮೇಲೆ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಗಣಿಗಾರಿಕೆ ಮಿತಿಮೀರಿದಾಗ, 2011ರಲ್ಲಿ, ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯಲ್ಲೂ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. ಪಳೆಯುಳಿಕೆಯೂ ಅದಿರೂ ಅಕ್ಕಪಕ್ಕದಲ್ಲೇ ಇರುವ ಕಡೆ ಅಪಾಯ ಸದಾ ಇದ್ದದ್ದೇ. ಕೆನಡಾದ ಸ್ಟೀಪ್ ರಾಕ್‌ನಲ್ಲಿ ಕಬ್ಬಿಣಕ್ಕಾಗಿ ಸರೋವರವನ್ನೇ ಬತ್ತಿಸಿದರು. ಸುಮಾರು 280 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್‌ಗಳು ಇರುವುದೂ ಅಲ್ಲೇ.

ದೊಡ್ಡಗುಣಿಗೆ ನೋಡಲು ಹೋಗುವವರು ಮಳೆ-ಗಾಳಿಗೆ ಸವೆದ ಮೈಯನ್ನು ಹುಡುಕಬೇಕು. ನೀರು ಚಿಮುಕಿಸಿದರೆ ಗೆರೆಗಳು ಎದ್ದು ಕಾಣುತ್ತವೆ. ಜಮೀನಿನವರ ಅನುಮತಿ ಕೇಳಬೇಕು. ಸುತ್ತಿಗೆ ಒಯ್ಯಬಾರದು, ಚೂರೂ ತರಬಾರದು.

ರಾಜಸ್ಥಾನದ ಭೋಜುಂಡ ಮತ್ತು ಝಾಮರಕೋಟ್ರದ ಸ್ಟ್ರೊಮ್ಯಾಟೊಲೈಟ್‌ಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಅವಕ್ಕಿಂತ ಹಳೆಯದಾದ ದೊಡ್ಡಗುಣಿಗೂ ಆ ಮಾನ್ಯತೆ ಸಿಗಬೇಕು. ಅಲ್ಲಿಯವರೆಗೆ ಒಂದು ಬೇಲಿ, ಕನ್ನಡದಲ್ಲೊಂದು ಫಲಕ, ತಿಪಟೂರು ಸುತ್ತಿನ ಶಾಲೆಗಳಿಂದ ವರ್ಷಕ್ಕೊಂದು ಪ್ರವಾಸ: ಇಷ್ಟನ್ನು ಊರವರೇ ಆರಂಭಿಸಬಹುದು.