ಸತ್ಯ ಹೇಳಿದ ಸೆನ್ಸರ್‌ಗೆ ಶಿಕ್ಷೆ

ನೆಲಮಂಗಲದ ಟೋಲ್ ಸಾಲಿನಲ್ಲಿ ನಿಂತಿದ್ದಾಗ ಸ್ಟೇರಿಂಗ್ ಹಿಡಿದ ಕೈಗೆ ಮೊದಲು ಗೊತ್ತಾಯಿತು. ಎಂಜಿನ್ ಓಡುತ್ತಿದೆ, ಆದರೆ ನಡುನಡುವೆ ಒಂದೊಂದು ಬಡಿತ ಕಾಣೆ. ಭಜನೆಯಲ್ಲಿ ಒಬ್ಬ ತೂಕಡಿಸುತ್ತಾ ತಾಳ ಹಾಕಿದರೆ ಹೇಗೋ ಹಾಗೆ. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗ್ಯಾರೇಜಿನವರ ಭಾಷೆಯಲ್ಲಿ ಗಾಡಿ ‘ಮಿಸ್ಸಿಂಗ್ ಹೊಡೀತಿದೆ’.

ಮೊದಲ ಗ್ಯಾರೇಜಿನ ಹುಡುಗ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ. ಎರಡು ಕೋಡು ಬಂದವು: ಪಿ0300 ಮತ್ತು ಪಿ0341. “ಕ್ಯಾಮ್ ಸೆನ್ಸರ್ ಹೋಗಿದೆ ಸಾರ್” ಎಂದ. ಜೆ.ಸಿ. ರಸ್ತೆಯಿಂದ ಹೊಸದು ತರಿಸಿ ಹಾಕಿದ, ಕೋಡು ಅಳಿಸಿದ, ಕಳಿಸಿದ. ನಾಲ್ಕೇ ದಿನಕ್ಕೆ ದೀಪ ಮತ್ತೆ ಹಾಜರು. ಎರಡನೆಯ ಗ್ಯಾರೇಜಿನಲ್ಲಿ ನಾಲ್ಕು ಪ್ಲಗ್ಗು ಬದಲಾದವು, ಅದಕ್ಕೂ ಬಗ್ಗದಿದ್ದಾಗ ನಾಲ್ಕು ಕಾಯಿಲ್ಲು. ಜೇಬು ಹಗುರಾಯಿತು, ಮಿಸ್ಸಿಂಗ್ ಮಾತ್ರ ಹಾಗೇ ಉಳಿಯಿತು.

ಇಲ್ಲಿ ನಾನೂ ಸೇರಿ ಎಲ್ಲರೂ ಮಾಡಿದ ತಪ್ಪು ಒಂದೇ. ಸ್ಕ್ಯಾನರ್ ತೋರಿಸುವ ಕೋಡನ್ನು ತೀರ್ಪು ಎಂದುಕೊಂಡೆವು. ಅದು ಠಾಣೆಗೆ ಬಂದ ದೂರು ಅಷ್ಟೇ. ದೂರಿನಲ್ಲಿ ಹೆಸರಿದ್ದವನನ್ನೆಲ್ಲ ಒಳಗೆ ಹಾಕುತ್ತಾ ಹೋದರೆ ಕಳ್ಳ ಹೊರಗೇ ಇರುತ್ತಾನೆ.

ದೂರು ಕೊಟ್ಟವನು ಯಾರು, ಅವನಿಗೆ ಏನು ಕಂಡಿತು ಎಂದು ಕೇಳೋಣ. ಎಂಜಿನ್ನಿನ ಕಂಪ್ಯೂಟರ್ ಕುರುಡ. ಪಿಸ್ಟನ್ ಎಲ್ಲಿದೆ, ಕವಾಟ ತೆರೆದಿದೆಯೋ ಮುಚ್ಚಿದೆಯೋ ಅದಕ್ಕೆ ಕಾಣುವುದಿಲ್ಲ. ಎರಡು ಸೆನ್ಸರ್‌ಗಳು ಹೇಳಿದ್ದನ್ನು ನಂಬಿಕೊಂಡು ಅದು ಪೆಟ್ರೋಲು ಚಿಮ್ಮಿಸಬೇಕು, ಕಿಡಿ ಹಾರಿಸಬೇಕು. ಒಂದು ಸೆನ್ಸರ್ ಕ್ರ್ಯಾಂಕ್ ಶಾಫ್ಟಿನ ಬಳಿ ಕೂತಿರುತ್ತದೆ. ಆ ಶಾಫ್ಟಿನ ಜೊತೆ ತಿರುಗುವ ಹಲ್ಲಿನ ಚಕ್ರದಲ್ಲಿ, ಹಲವು ಕಾರುಗಳಲ್ಲಿ, 60 ಹಲ್ಲಿನ ಜಾಗವಿದ್ದು 58 ಹಲ್ಲು ಮಾತ್ರ ಇರುತ್ತವೆ. ಬೇಕೆಂದೇ ಎರಡು ಕಿತ್ತಿರುತ್ತಾರೆ. ಆ ಬೊಕ್ಕ ಜಾಗ ಎದುರಿಗೆ ಬಂದಾಗಲೆಲ್ಲ ಕಂಪ್ಯೂಟರಿಗೆ ಒಂದು ಸುತ್ತು ಮುಗಿಯಿತೆಂದು ತಿಳಿಯುತ್ತದೆ.

ಅಷ್ಟು ಸಾಲದೇ? ಸಾಲದು. ಗಡಿಯಾರದ ಎರಡೂ ಮುಳ್ಳು 12ರ ಮೇಲೆ ನಿಂತಿದ್ದರೆ ಅದು ಮಧ್ಯಾಹ್ನವೋ ನಡುರಾತ್ರಿಯೋ? ಕಿಟಕಿಯ ಹೊರಗೆ ನೋಡದೆ ಹೇಳಲಾಗದು. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೂ ಇದೇ ಪೇಚು. ಒಂದು ಪೂರ್ಣ ಆವರ್ತಕ್ಕೆ ಕ್ರ್ಯಾಂಕ್ ಎರಡು ಸುತ್ತು ಹಾಕುತ್ತದೆ. ಪಿಸ್ಟನ್ ಎರಡು ಸಲ ತುತ್ತತುದಿಗೆ ಬರುತ್ತದೆ: ಒಮ್ಮೆ ಪೆಟ್ರೋಲು-ಗಾಳಿಯನ್ನು ಒತ್ತಿ ಹಿಡಿದುಕೊಂಡು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರದಬ್ಬುತ್ತಾ. ಕಿಡಿ ಬೇಕಿರುವುದು ಮೊದಲನೆಯದಕ್ಕೆ. ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಅದೇ ಅವಧಿಯಲ್ಲಿ ಒಂದೇ ಸುತ್ತು ಹಾಕುತ್ತದೆ. ಹಗಲೋ ರಾತ್ರಿಯೋ ಎಂದು ಹೇಳುವ ಕಿಟಕಿ ಅದು. ಎರಡನೆಯ ಸೆನ್ಸರ್ ಕೂತಿರುವುದು ಅಲ್ಲಿ.

ಈ ಸೆನ್ಸರಿನ ಹುಟ್ಟಿಗೂ ಕಾರಿಗೂ ಸಂಬಂಧವಿಲ್ಲ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್ ತೆಳ್ಳನೆಯ ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ, ಅದನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ನೋಡಿದ. ಹಾಳೆಯ ಅಡ್ಡಕ್ಕೆ, ಒಂದು ಅಂಚಿನಿಂದ ಇನ್ನೊಂದಕ್ಕೆ, ಸಣ್ಣದೊಂದು ವೋಲ್ಟೇಜು ಕಾಣಿಸಿತು. ಹರಿಯುತ್ತಿದ್ದ ಕಣಗಳನ್ನು ಅಯಸ್ಕಾಂತ ಪಕ್ಕಕ್ಕೆ ತಳ್ಳುತ್ತಿತ್ತು. ಆ ಕಣ, ಅಂದರೆ ಎಲೆಕ್ಟ್ರಾನು, ಪತ್ತೆಯಾಗಿದ್ದೇ 1897ರಲ್ಲಿ! ಈಗಿನ ಕ್ಯಾಮ್ ಸೆನ್ಸರ್‌ಗಳಲ್ಲಿ ಬಹುಪಾಲು ಹಾಲ್‌ನ ಈ ಪರಿಣಾಮವನ್ನೇ ನೆಚ್ಚಿಕೊಂಡಿವೆ. ಉಕ್ಕಿನ ಹಲ್ಲು ಹತ್ತಿರ ಬಂದರೆ ಅಯಸ್ಕಾಂತದ ಬಲ ಬದಲಾಗುತ್ತದೆ, ಸೆನ್ಸರ್ ‘ಇದೆ’ ಎನ್ನುತ್ತದೆ. ಹಲ್ಲು ದಾಟಿದರೆ ‘ಇಲ್ಲ’ ಎನ್ನುತ್ತದೆ. ಅದಕ್ಕೆ ಗೊತ್ತಿರುವುದು ಇವೆರಡೇ ಮಾತು.

ಈಗ ಕೋಡುಗಳಿಗೆ ಬನ್ನಿ. ಪಿ0340 ಎಂದರೆ ಕ್ಯಾಮ್ ಸೆನ್ಸರಿನ ಸರ್ಕಿಟ್ಟಿನಲ್ಲಿ ತೊಂದರೆ. ಸಾಮಾನ್ಯವಾಗಿ ಮಾತೇ ಬರುತ್ತಿಲ್ಲ ಎಂದರ್ಥ. ಪಿ0341 ಬೇರೆ ಥರ: ಮಾತು ಬರುತ್ತಿದೆ, ಆದರೆ ನಿರೀಕ್ಷೆಗೆ ಹೊಂದುತ್ತಿಲ್ಲ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಸಾಕ್ಷ್ಯ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ನಮ್ಮ ಮೊದಲ ಗ್ಯಾರೇಜಿನ ಹುಡುಗ 340ಕ್ಕೂ 341ಕ್ಕೂ ವ್ಯತ್ಯಾಸ ಮಾಡಲಿಲ್ಲ. ಎರಡು ಸಾಕ್ಷಿಗಳ ಮಾತು ಹೊಂದದಿದ್ದರೆ ಒಬ್ಬ ಸುಳ್ಳು ಹೇಳುತ್ತಿರಬಹುದು. ಇಬ್ಬರೂ ಸತ್ಯ ಹೇಳುತ್ತಿದ್ದು, ಎರಡು ಶಾಫ್ಟುಗಳ ನಡುವಿನ ಸಂಬಂಧವೇ ಕೆಟ್ಟಿರಲೂಬಹುದು.

ಇನ್ನೊಂದು ಕೋಡು, ಪಿ0300, ನನಗೆ ಹೆಚ್ಚು ಮೋಜಿನದು. ಕಿಡಿ ಹಾರಿದರೂ ಉರಿ ಹತ್ತಲಿಲ್ಲ ಎಂದು ಕುರುಡು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅದೇ ಬೊಕ್ಕ ಚಕ್ರದಿಂದ. ನಿಮಿಷಕ್ಕೆ 800 ಸುತ್ತಿನಲ್ಲಿ ಎಂಜಿನ್ ಐಡಲ್ ಓಡುತ್ತಿದ್ದರೆ ಒಂದು ಸುತ್ತಿಗೆ 75 ಮಿಲಿಸೆಕೆಂಡು, ಒಂದು ಹಲ್ಲಿನ ಜಾಗಕ್ಕೆ 1.25 ಮಿಲಿಸೆಕೆಂಡು. ನಾಲ್ಕು ಸಿಲಿಂಡರಿನಲ್ಲಿ ಒಂದೊಂದು ಉರಿಯೂ ಅರ್ಧ ಸುತ್ತು ತಳ್ಳುತ್ತದೆ. ಒಂದು ಸಿಲಿಂಡರ್ ತಳ್ಳದಿದ್ದರೆ ಆ ಅರ್ಧ ಸುತ್ತಿನ ಹಲ್ಲುಗಳು ಕೂದಲೆಳೆಯಷ್ಟು ತಡವಾಗಿ ಬರುತ್ತವೆ. ಸೈಕಲ್ ತುಳಿಯುವವನ ಒಂದು ಕಾಲು ಉಳುಕಿದ್ದರೆ ಹಿಂದೆ ಕೂತವನಿಗೆ ತಿಳಿಯುವಂತೆ. ಯಾವ ಕಾಲು ಎಂಬುದೂ ತಿಳಿಯುತ್ತದೆ: ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0304 ಎಂದರೆ ನಾಲ್ಕನೆಯದು. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಕುಲುಕಾಟವೂ ಹೀಗೇ ಕಾಣುತ್ತದೆ. ಅದಕ್ಕಾಗಿ ಹಲವು ಕಾರುಗಳು ಒರಟು ರಸ್ತೆಯಲ್ಲಿ ಈ ಎಣಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. ನಮ್ಮ ಬಡಾವಣೆಯಲ್ಲಿ ನನ್ನ ಕಾರು ಎಣಿಸಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚಿರಬೇಕು.

ಇಷ್ಟೆಲ್ಲ ತಾಪತ್ರಯ ಎಂಜಿನ್ನಿನ ಮೇಲಿನ ಮಮತೆಗಲ್ಲ, ಗಾಳಿ ಹೊಲಸಾಗದಿರಲೆಂದು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಈ ಸ್ವಯಂ ತಪಾಸಣೆ ಕಡ್ಡಾಯವಾಯಿತು. ಉರಿಯದ ಪೆಟ್ರೋಲು ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದರ ಜೇನುಗೂಡಿನಂಥ ಪಿಂಗಾಣಿ ಕರಗಿಹೋಗಬಹುದು. ಹಳದಿ ದೀಪ ಸುಮ್ಮನೆ ಉರಿಯದೆ ಮಿನುಗತೊಡಗಿದರೆ ಅದೇ ಎಚ್ಚರಿಕೆ. ಆಗ ಆಕ್ಸಿಲರೇಟರ್ ಒತ್ತದೆ ಗಾಡಿ ಪಕ್ಕಕ್ಕೆ ಹಾಕಬೇಕು.

ಮೂರನೆಯ ಗ್ಯಾರೇಜು ತುಮಕೂರು ರಸ್ತೆ ಬದಿಯ ತಗಡಿನ ಶೆಡ್ಡು. ಅಲ್ಲಿನ ಮೇಸ್ತ್ರಿ ಸ್ಕ್ಯಾನರ್ ಮುಟ್ಟುವ ಮೊದಲು ಕೇಳಿದ್ದು, “ಬೆಳಿಗ್ಗೆ ಫಸ್ಟ್ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡು ಗಲಗಲ ಅಂತದಾ ಸಾರ್?” ಅನ್ನುತ್ತಿತ್ತು. ನಾನು ಅದನ್ನು ಹಳೇ ಗಾಡಿಯ ಕೆಮ್ಮು ಎಂದುಕೊಂಡಿದ್ದೆ.

ಸ್ಕ್ಯಾನರ್ ಹಾಕಿದ ಮೇಲೂ ಅವರು ಕೋಡಿಗಿಂತ ಫ್ರೀಜ್ ಫ್ರೇಮನ್ನು ಹೆಚ್ಚು ಹೊತ್ತು ನೋಡಿದರು. ದೀಪ ಹೊತ್ತಿದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಎಷ್ಟು ಲೋಡ್ ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡಿರುವ ಚೀಟಿ ಅದು. ಆಮೇಲೆ ಎಂಜಿನ್ ಓಡುತ್ತಿದ್ದಾಗಲೇ ವೈರಿಂಗನ್ನು ಉದ್ದಕ್ಕೂ ಅಲುಗಾಡಿಸಿದರು. ನಿಲ್ಲಿಸಿ ಕಪ್ಲರ್ ಬಿಚ್ಚಿ ಒಳಗೆ ಎಣ್ಣೆ ಇಳಿದಿದೆಯೇ, ಪಿನ್ನು ಹಸಿರುಗಟ್ಟಿದೆಯೇ ನೋಡಿದರು. ಇಲಿ ಕಡಿದ ಗುರುತು ಹುಡುಕಿದರು. ನಿಲ್ಲಿಸಿದ ಕಾರಿನ ಬೆಚ್ಚನೆಯ ಎಂಜಿನ್ ಇಲಿಗಳಿಗೆ ತವರುಮನೆ. ಮೀಟರಿನಲ್ಲಿ ಮೂರು ವೈರೂ ಸರಿ: 5 ವೋಲ್ಟ್ ಬರುತ್ತಿದೆ, ಅರ್ಥ್ ಗಟ್ಟಿಯಿದೆ, ಸಿಗ್ನಲ್ ಮಿಡಿಯುತ್ತಿದೆ.

“ಕಾಯಿಲ್ ಆಗಿದ್ರೆ ಸಿಲಿಂಡರ್ ನಂಬರ್ ಹೇಳ್ತಿತ್ತು. ಒಂದನೇದನ್ನ ತೆಗೆದು ಮೂರಕ್ಕೆ ಹಾಕಿದ್ರೆ 301 ಹೋಗಿ 303 ಬರ್ತಿತ್ತು. ಇಲ್ಲಿ ನಾಲ್ಕೂ ಸರದಿ ಮೇಲೆ ಮಿಸ್ ಆಗ್ತಿವೆ. ನಾಲ್ಕಕ್ಕೂ ಸೇರಿದ್ದು ಏನೋ ಕೆಟ್ಟಿದೆ” ಎಂದರು. ಕೊಳ್ಳಬೇಕಿಲ್ಲದ ನಾಲ್ಕು ಕಾಯಿಲ್ಲುಗಳನ್ನು ನಾನು ನೆನೆದುಕೊಂಡೆ. ನಾಲ್ಕಕ್ಕೂ ಸೇರಿದ್ದೆಂದರೆ ಪೆಟ್ರೋಲಿನ ಒತ್ತಡ, ಎಲ್ಲೋ ಸೋರಿ ಒಳನುಗ್ಗುವ ಗಾಳಿ, ಇಲ್ಲವೇ ಟೈಮಿಂಗ್.

ಪಕ್ಕದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅಂಗೈಯಗಲದ ಆಸಿಲೋಸ್ಕೋಪ್ ಇತ್ತು. ಕ್ರ್ಯಾಂಕ್‌ನದೊಂದು ಗೆರೆ, ಕ್ಯಾಮ್‌ನದೊಂದು ಗೆರೆ, ಒಂದರ ಕೆಳಗೊಂದು. ಮೇಲಿನದರಲ್ಲಿ ಒತ್ತಾದ ಹಲ್ಲುಗಳು, ನಡುವೆ ಬೊಕ್ಕ. ಕೆಳಗಿನದರಲ್ಲಿ ಅಗಲವಾದ ಮೆಟ್ಟಿಲುಗಳು. ಅದೇ ಮಾದರಿಯ ಸರಿಯಿರುವ ಕಾರಿನ ಚಿತ್ರ ಅವರ ಮೊಬೈಲಿನಲ್ಲಿತ್ತು. ಹೋಲಿಸಿ ನೋಡಿದರೆ ನಮ್ಮ ಮೆಟ್ಟಿಲು ಎರಡು ಹಲ್ಲಿನಷ್ಟು ತಡವಾಗಿ ಏಳುತ್ತಿತ್ತು. ಅರವತ್ತರಲ್ಲಿ ಎರಡೆಂದರೆ ಕ್ರ್ಯಾಂಕ್‌ನ ಲೆಕ್ಕದಲ್ಲಿ 12 ಡಿಗ್ರಿ. ಸೆನ್ಸರ್ ಮೊದಲ ದಿನದಿಂದ ಹೇಳುತ್ತಿದ್ದುದು ಇದನ್ನೇ.

ಕವರ್ ಬಿಚ್ಚಿದಾಗ, ಕ್ರ್ಯಾಂಕಿಗೂ ಕ್ಯಾಮಿಗೂ ನಂಟು ಕಟ್ಟುವ ಟೈಮಿಂಗ್ ಚೈನು ಸಡಿಲವಾಗಿತ್ತು. ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕೈಲಾದಷ್ಟೂ ಹೊರಚಾಚಿ ನಿಂತಿತ್ತು. ಚೈನ್ ‘ಎಳೆದುಕೊಂಡಿದೆ’ ಎನ್ನುತ್ತೇವಾದರೂ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನು ಸವೆಯುತ್ತದೆ. ಒಂದೊಂದು ಕೊಂಡಿ 0.02 ಮಿಲಿಮೀಟರ್ ಸವೆದರೆ 150 ಕೊಂಡಿ ಸೇರಿ ಚೈನು 3 ಮಿಲಿಮೀಟರ್ ಉದ್ದವಾಗುತ್ತದೆ. ಆಗ ಕ್ಯಾಮ್ ಹಿಂದೆ ಬೀಳುತ್ತದೆ, ಗಾಳಿ ಒಳಬಿಡುವ ಕವಾಟ ತಡವಾಗಿ ಮುಚ್ಚುತ್ತದೆ, ಒಳಗೆ ಬಂದ ಗಾಳಿ ಸ್ವಲ್ಪ ಹಿಂದಕ್ಕೇ ಹೋಗುತ್ತದೆ. ಒತ್ತಡ ಸಾಲದ ಸಿಲಿಂಡರಿನಲ್ಲಿ, ಅದರಲ್ಲೂ ಐಡಲ್‌ನಲ್ಲಿ, ಉರಿ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ.

ಪಿನ್ನು ಸವೆಸಿದ್ದು ಯಾರು? ಹಳೆಯ ಎಣ್ಣೆ. 10,000 ಕಿಲೋಮೀಟರಿಗೆ ಬದಲಿಸಬೇಕಾದ ಎಂಜಿನ್ ಆಯಿಲ್ಲನ್ನು ನಾನು ಎರಡು ಸಲ 16,000ದವರೆಗೆ ಎಳೆದಿದ್ದೆ. ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಚೈನು, ಟೆನ್ಷನರ್, ಗೈಡುಗಳು ಹೊಸವಾದವು. ನಿಮ್ಮ ಗಾಡಿಯ ದೀಪ ಹೊತ್ತಿದರೆ ಒಂದು ಉಪಕಾರ ಮಾಡಿಕೊಳ್ಳಿ: ಕೋಡು ಅಳಿಸಲು ಬಿಡುವ ಮೊದಲು ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ಫ್ರೀಜ್ ಫ್ರೇಮಿನ ಚೀಟಿಯೂ ಅದರ ಜೊತೆಗೇ ಹೋಗುತ್ತದೆ. ಮೊದಲ ಗ್ಯಾರೇಜಿನಲ್ಲಿ ಕಿತ್ತುಹಾಕಿದ ಹಳೆಯ ಸೆನ್ಸರ್ ನನ್ನ ಡಿಕ್ಕಿಯಲ್ಲೇ ಬಿದ್ದಿತ್ತು. ಮೇಸ್ತ್ರಿ ಅದನ್ನು ಒರೆಸಿ, ಹಾಕಿ, ಸ್ಕೋಪಿನಲ್ಲಿ ನೋಡಿದರು. ಗೆರೆ ಚೊಕ್ಕಟವಾಗಿತ್ತು. ಈಗ ಗಾಡಿಯಲ್ಲಿ ಓಡುತ್ತಿರುವುದು ಅದೇ.